ದೋಕ್-ಸು ಮಾವನ ಕಾವಲು

ದೋಕ್-ಸು ಮಾವ ಯಾರನ್ನೂ ನಂಬಿದವರಲ್ಲ. ಎಪ್ಪತ್ತನಾಲ್ಕು ವರ್ಷದಲ್ಲಿ ತೋಫು ಮಾರುವವಳನ್ನು ನಂಬಲಿಲ್ಲ, ಹಲ್ಲಿನ ಡಾಕ್ಟರನ್ನು ನಂಬಲಿಲ್ಲ, ವಿಧವೆ ಸೊಸೆಯಾಗಿ ಇಪ್ಪತ್ತು ವರ್ಷದಿಂದ ಅವರಿಗೆ ಗಂಜಿ ಕಾಯಿಸಿಕೊಡುವ ನನ್ನನ್ನೂ ಪೂರ್ತಿ ನಂಬಿಲ್ಲ. ಸೆಮ್‌ಗೋಲ್‌ನಲ್ಲಿ ನಮ್ಮ ತಾಕ್ ಮನೆತನದ್ದೊಂದು ಪುಟ್ಟ ಮ್ಯೂಸಿಯಂ ಇದೆ: ಹಿರಿಯರ ಟೋಪಿಗಳು, ಕನ್ನಡಕಗಳು, ಗಾಜಿನ ಪೆಟ್ಟಿಗೆಯಲ್ಲಿ ತೆರೆದಿಟ್ಟ ವಂಶಾವಳಿಯ ಪುಸ್ತಕ. ನಾನು ಗುಡಿಸುತ್ತೇನೆ, ಅವರು ಕಾಯುತ್ತಾರೆ. ಸಮಾಧಿಗಳಿರುವ ಬೆಟ್ಟದ ಮೇಲೆ ಹೆದ್ದಾರಿ ಬರುತ್ತದೆಂಬ ಸುದ್ದಿ ಹಬ್ಬಿದ ಮೇಲಂತೂ, ಬಂದವರೆಲ್ಲ ಪರಿಹಾರದ ಹಣದಲ್ಲಿ ಪಾಲು ಕೇಳಲು ಬಂದವರೇ ಎಂದು ಅವರ ಗುಮಾನಿ.

ಅಕ್ಟೋಬರಿನ ಒಂದು ಶನಿವಾರ ಮಧ್ಯಾಹ್ನ ಇಪ್ಪತ್ತೆರಡರ ಹುಡುಗಿಯೊಬ್ಬಳು ಬಂದಳು. ಹೆಸರು ವೆರಾ.

"ಬೆಳಗ್ಗೆ ಪೇಟೆ ಮ್ಯೂಸಿಯಂ ನೋಡ್ದೆ, ಆಮೇಲೆ ಮುಖವಾಡದ್ದು. ಈಗ ಇದು," ಎಂದಳು, ಪದ ಹುಡುಕುತ್ತಾ. "ನಾನು ತಾಷ್ಕೆಂಟಿನವಳು. ಇಲ್ಲಿ ದೇಗು ಪಟ್ಟಣದಲ್ಲಿ ಇತಿಹಾಸ ಓದ್ತಿದೀನಿ."

ಮಾವ ನನ್ನ ಕಿವಿಯ ಬಳಿ ಬಂದರು. "ಮುಖ ನಮ್ದು, ಮಾತು ಯಾರ್ದೋ. ಬೆಳ್ಳಗಿರೋದೆಲ್ಲ ಹಾಲಲ್ಲ ಕಣಮ್ಮ. ಒಂದು ಕಣ್ಣಿಟ್ಟಿರು."

"ಹಳೇ ಟೋಪಿ ಕದ್ದು ಏನ್ ಮಾಡ್ತಾಳೆ ಮಾವ? ಹಾಕ್ಕೊಂಡು ಬಸ್ ಹತ್ತುತ್ತಾಳಾ?"

"ಕದಿಯೋರು ಮೊದ್ಲು ನಗ್ತಾರೆ. ನೋಡು, ಹೆಂಗೆ ನಗ್ತಿದಾಳೆ!"

ಅವಳು ವಂಶಾವಳಿಯ ಮುಂದೆ ಅರ್ಧ ಗಂಟೆ ನಿಂತಳು. ಏನೇನೋ ಬರೆದುಕೊಂಡಳು. ಕೊನೆಗೆ ಕೇಳಿದಳು: "ಅಜ್ಜಾ, ಹಿರಿಯರ ಸಮಾಧಿ ಬೆಟ್ಟ ಯಾವ ಕಡೆ?"

ಮಾವ ಹೋಗಿ ಬಾಗಿಲು ಮುಚ್ಚಿದರು. "ಯಾವ ಲಾಯರು ಕಳ್ಸಿದ್ದು ನಿನ್ನ? ಬೊಗಳು!"

ಅವಳು ಹೆದರಿದಳು. ಆದರೂ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಸಮಾಧಿಯ ಫೋಟೋ ತೋರಿಸಿದಳು. ಕಲ್ಲಿನ ಮೇಲೆ ನಮ್ಮ ಲಿಪಿಯಲ್ಲಿ ತಾಕ್ ಮ್ಯೋಂಗ್-ಗ್ಯು ಎಂದಿತ್ತು. "ನಮ್ಮ ತಾತ. ಈ ಊರವರೇ, ಗಡಿ ದಾಟಿ ಹೋಗಿ ಕೊನೆಗೆ ತಾಷ್ಕೆಂಟ್ ಸೇರಿದ್ರು."

ಮಾವ ಗೆದ್ದವರಂತೆ ನಕ್ಕು ಪೆಟ್ಟಿಗೆಯ ಬೀಗ ತೆಗೆದು ಪುಟ ತೋರಿಸಿದರು. "ಓದು. 'ಉತ್ತರಕ್ಕೆ ಹೋದ, ಸಂತಾನವಿಲ್ಲ.' ಕಲ್ಲಿನ ಮೇಲೆ ಯಾರ ಹೆಸ್ರು ಬೇಕಾದ್ರೂ ಕೆತ್ತಿಸ್ಬೋದು."

"ತಾತನಿಗೆ ಇಬ್ರು ಅಣ್ಣಂದಿರು. ಚಾಂಗ್-ಗ್ಯು, ಹಾಕ್-ಗ್ಯು."

"ಅದೂ ಪುಸ್ತಕದಲ್ಲೇ ಇದೆ. ಈಗ ತಾನೆ ಬರ್ಕೊಂಡ್ಯಲ್ಲ!"

"ಒಬ್ಬ ತಮ್ಮನೂ ಇದ್ದ. ಸಗಣಿ ಅಂತ ಕರೀತಿದ್ರಂತೆ. ಸಿಡುಬಲ್ಲಿ ಹೋಗ್ಬಿಟ್ಟ."

ಮಾವನ ಕೈ ಪುಟದ ಮೇಲೇ ನಿಂತಿತು. ಕೂಸಾಗಿ ಸತ್ತವರನ್ನು ವಂಶಾವಳಿಗೆ ಸೇರಿಸುವುದಿಲ್ಲ. ಕೆಟ್ಟ ಕಣ್ಣು ಬೀಳದಿರಲೆಂದು ಇಟ್ಟ ಆ ಹೆಸರನ್ನು ಮಾವ ತಮ್ಮ ತಾತನ ಬಾಯಲ್ಲಿ ಮಾತ್ರ ಕೇಳಿದ್ದರು.

ನಮ್ಮಲ್ಲಿ ವಯಸ್ಸಲ್ಲ, ತಲೆಮಾರು ದೊಡ್ಡದು. ನಾನು ಬೆರಳು ಮಡಿಸಿ ಎಣಿಸಿದೆ. ಚಾಂಗ್-ಗ್ಯು ಮಾವನ ಮುತ್ತಾತ. ಅವರ ತಮ್ಮನ ಮೊಮ್ಮಗಳೆಂದರೆ ಮಾವನ ಅಪ್ಪನಿಗೆ ತಂಗಿಯ ಸಾಲು. ಅಂದರೆ ಇಷ್ಟು ಹೊತ್ತೂ ಮಾವ ಬೊಗಳು ಎಂದು ಏಕವಚನದಲ್ಲಿ ಜಾಡಿಸಿದ್ದು ಸೋದರತ್ತೆಯಾಗಬೇಕಾದವಳನ್ನು! ನನಗೆ ನಗು ತಡೆಯಲಾಗಲಿಲ್ಲ.

ಮಾವ ನಗಲಿಲ್ಲ. ಟೋಪಿ ತೆಗೆದಿಟ್ಟು ಮಂಡಿಯೂರಿ ಹಣೆಯನ್ನು ನೆಲಕ್ಕೆ ಮುಟ್ಟಿಸಿದರು. "ಗೊತ್ತಾಗ್ಲಿಲ್ಲ ಅತ್ತೆ. ತಪ್ಪಾಯ್ತು."

"ಅಯ್ಯೋ, ಏಳಿ ಅಜ್ಜಾ!"

"ಅಜ್ಜ ಅನ್ಬೇಡಿ. ದೋಕ್-ಸು ಅನ್ನಿ."

ಅವಳು ಎದುರಿಗೇ ಕುಳಿತಳು. "ಅಪ್ಪ ಒಂದು ಕಾಗದ ಬರೆದಿದ್ರು, ಹತ್ತು ವರ್ಷದ ಹಿಂದೆ. ವಂಶಾವಳಿ ಹೊಸ್ದಾಗಿ ಅಚ್ಚಾಗುತ್ತಂತೆ, ತಾತನ ಕೆಳಗೆ ನಮ್ಮನ್ನೂ ಸೇರ್ಸಿ ಅಂತ. ಬರ್ಲಿಲ್ವಾ?"

ಪೋಸ್ಟಿನಲ್ಲಿ ಎಲ್ಲೋ ಕಳೆದಿರಬೇಕು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಮಾವನೂ ಹಾಗೇ ಹೇಳಿ ಪಾರಾಗಲಿ ಎಂದು ಬಯಸಿದೆ.

"ಬಂದಿತ್ತು," ಎಂದರು ಮಾವ, ತಲೆ ಎತ್ತದೆ. "ಮೋಸ ಅಂದ್ಕೊಂಡು ಒಲೆಗೆ ಹಾಕ್ದೆ. ಸಂತಾನವಿಲ್ಲ ಅಂತ ಬರೆಸಿದ್ದೂ ನಾನೇ."

"ಅಪ್ಪ ಸಾಯೋವರ್ಗೂ ಉತ್ತರ ಬರುತ್ತೆ ಅಂತಿದ್ರು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ವಾಸಿಯಿತ್ತು.

ಮುಂದಿನ ಅಚ್ಚಿಗೆ ಇನ್ನೂ ಇಪ್ಪತ್ತು ವರ್ಷ. ಅಷ್ಟು ದಿನ ತಾವಿರುವುದಿಲ್ಲವೆಂದು ಮಾವನಿಗೆ ಗೊತ್ತು. ಜೇಬಿನಿಂದ ಪೆನ್ನು ತೆಗೆದು, ನಾನು ಧೂಳು ಒರೆಸಲೂ ಮುಟ್ಟುವಂತಿಲ್ಲದ ಆ ಪುಸ್ತಕವನ್ನು ಅವಳ ಮುಂದೆ ಸರಿಸಿದರು. "ನನ್ ಕೈ ಬೇಡ. ನೀವೇ ಬರೀರಿ."

ಅವಳು 'ಸಂತಾನವಿಲ್ಲ' ಎಂಬ ಪದದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ತನ್ನ ಊರಿನ ಲಿಪಿಯಲ್ಲಿ ನಿಧಾನವಾಗಿ ಎರಡು ಸಾಲು ಬರೆದಳು. ಮಾವನಿಗೆ ಆ ಲಿಪಿಯ ಒಂದಕ್ಷರವೂ ಬಾರದು. ಏನು ಬರೆದಿರಿ ಎಂದು ಅವರು ಕೇಳಲಿಲ್ಲ.