ಗಣಿಗೆ ಇಳಿದ ಹುರುಳಿಕಾಯಿ ಪಲ್ಯ

ಲಗ್ನವಾಗಿ ನಂದಿದುರ್ಗ ಗಣಿಯ ಲೈನ್ ಮನೆಗೆ, ಅಂದರೆ ಗಣಿ ಕೆಲಸಗಾರರ ಸಾಲುಮನೆಗೆ ಬಂದಾಗ ನನಗೆ ಹದಿನೆಂಟು ವರ್ಷ. ಮೂರು ಬಗೆಯ ಸಾರು, ಐದಾರು ಬಗೆಯ ಪಲ್ಯ ಮಾಡಲು ಬರುತ್ತಿತ್ತು. ನನ್ನ ಹಾಗೆ ಹುರುಳಿಕಾಯಿ ಪಲ್ಯ ಮಾಡುವವಳು ಕ್ಯಾಸಂಬಳ್ಳಿ ಹೋಬಳಿಯಲ್ಲೇ ಇಲ್ಲವೆಂಬ ಜಂಬವೂ ಇತ್ತು. ಈಗ ವಯಸ್ಸಾಗಿದೆ, ಹಲ್ಲು ಹೋಗಿವೆ, ಆ ಜಂಬ ಮಾತ್ರ ಹೋಗಿಲ್ಲ.

ಹುರುಳಿಕಾಯಿ ಅಂದರೆ ಈಗಿನವರು ಬೀನ್ಸ್ ಅನ್ನುತ್ತಾರಲ್ಲ, ಅದೇ. ನಮ್ಮಪ್ಪನ ತೋಟದಲ್ಲಿ ಬಾವಿಯ ಪಕ್ಕದ ಎರಡು ಮಡಿಯಲ್ಲಿ ಅದನ್ನು ಹಾಕುತ್ತಿದ್ದರು. ಬೆಳಿಗ್ಗೆ ಬಿಡಿಸಿದ ಎಳೆಕಾಯಿಯನ್ನು ಮುರಿದರೆ ಟಕ್ ಎನ್ನಬೇಕು, ನಾರು ಬರಬಾರದು. ಸಣ್ಣಗೆ ಹೆಚ್ಚಿ, ಸಾಸಿವೆ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆಗೆ ಹಾಕಿ, ಮುಚ್ಚಳದ ಮೇಲೆ ನೀರಿಟ್ಟು ಬೇಯಿಸಿ, ಕೊನೆಗೆ ಒಲೆಯಿಂದ ಇಳಿಸಿದ ಮೇಲೆ ಒಂದು ದೊಡ್ಡ ಹಿಡಿ ಹಸಿ ತೆಂಗಿನತುರಿ. ಕಾಯಿತುರಿ ಕಂಡೂ ಕಾಣದ ಹಾಗೆ ಹಾಕುವವರನ್ನು ನಮ್ಮವ್ವ ಜಿಪುಣರೆಂದು ಬೈಯುತ್ತಿದ್ದಳು.

ನನ್ನ ಯಜಮಾನರಿಗೆ ಚಿನ್ನದ ಗಣಿಯಲ್ಲಿ ಕೆಲಸ, ಬೆಳಗಿನ ಪಾಳಿ. ಮನೆ ಅಂದರೆ ಒಂದು ಕೋಣೆ, ಮುಂದೊಂದು ಪುಟ್ಟ ಪಡಸಾಲೆ, ಮೂಲೆಯಲ್ಲಿ ಒಲೆ. ಮಾವ ತೀರಿಹೋಗಿದ್ದರು. ಇದ್ದದ್ದು ನಾವಿಬ್ಬರು ಮತ್ತು ಅತ್ತೆ. ಮನೆಯ ಯಾವ ಕೆಲಸವನ್ನಾದರೂ ಅತ್ತೆ ನನಗೆ ಸಂತೋಷವಾಗಿ ಬಿಟ್ಟುಕೊಟ್ಟರು. ನೀರು ಹಿಡಿ, ಪಾತ್ರೆ ತೊಳಿ, ಅಡುಗೆ ಮಾಡು. ಒಂದನ್ನು ಮಾತ್ರ ಬಿಡಲಿಲ್ಲ. ಯಜಮಾನರು ಗಣಿಗೆ ಒಯ್ಯುವ ಊಟದ ಕ್ಯಾರಿಯರ್ ಕಟ್ಟುವುದು. ಮೊದಲು ತಮ್ಮ ಗಂಡನಿಗೆ, ಆಮೇಲೆ ಮಗನಿಗೆ, ಆ ಮೂರು ಡಬ್ಬಿಯ ಕ್ಯಾರಿಯರ್ ಕಟ್ಟಿದ್ದು ಅವರೇ. ನಾನು ಅದನ್ನು ತೊಳೆದು ಬೋರಲು ಹಾಕಬಹುದಿತ್ತು, ಅಷ್ಟೇ.

ಅವರು ಕಟ್ಟುತ್ತಿದ್ದುದಾದರೂ ಏನು? ಅನ್ನ, ಹುಣಸೆ ಗೊಜ್ಜು, ಚಟ್ನಿಪುಡಿ, ಉಪ್ಪಿನಕಾಯಿ. ಮರುದಿನ ಮತ್ತೆ ಅದೇ. ದುಡಿಯುವ ಮಗನಿಗೆ ಒಂದು ಹಿಡಿ ಹಸಿ ತರಕಾರಿ ಹಾಕದ ತಾಯಿ ಅಂತ ನನಗೆ ಒಳಗೊಳಗೇ ಸಿಟ್ಟು. ಗಂಡ ನನ್ನ ಕೈಯ ಬುತ್ತಿ ಉಣ್ಣುವ ತನಕ ಈ ಮನೆಯಲ್ಲಿ ನಾನು ನೆಂಟಳೇ ಅನ್ನಿಸುತ್ತಿತ್ತು. ಈ ವಿಷಯಕ್ಕೆ ಒಂದೆರಡು ಸಲ ಬಚ್ಚಲಲ್ಲಿ ಕೂತು ಅತ್ತಿದ್ದೂ ಉಂಟು.

ಆರು ತಿಂಗಳಾದ ಮೇಲೆ ನನ್ನ ಅದೃಷ್ಟ ಖುಲಾಯಿಸಿತು. ಬಂಗಾರಪೇಟೆಯಲ್ಲಿದ್ದ ನಾದಿನಿಗೆ ಹೆರಿಗೆಯಾಯಿತು. ಬಾಣಂತನಕ್ಕೆಂದು ಅತ್ತೆ ಗಂಟು ಕಟ್ಟಿಕೊಂಡು ರೈಲಿಗೆ ಹೊರಟರು. ಬಾಗಿಲಲ್ಲಿ ನಿಂತು ಕ್ಯಾರಿಯರನ್ನು ನನ್ನ ಕೈಗಿಟ್ಟರು.

"ಇಪ್ಪತ್ತು ದಿನಕ್ಕೆ ಬತ್ತೀನಿ. ನನ್ ಮಗನ ಒಟ್ಟೆ ಕಾಯಿಸ್ಬ್ಯಾಡ. ಕಾಯಿಸ್ದೆ ಅಂತ ಗೊತ್ತಾದ್ರೆ ಇದು ವಾಪಸ್ ನನ್ ಕೈಗೆ, ಆಮ್ಯಾಕೆ ನೀನು ಕೇಳಂಗಿಲ್ಲ."

"ಕಾಯಿಸಲ್ಲ ಅತ್ತೆ, ನೀವ್ ಓಗ್ಬನ್ನಿ," ಎಂದೆ. ಅವರು ಇನ್ನೂ ತಿರುವು ದಾಟಿರಲಿಲ್ಲ, ನಾನಾಗಲೇ ಹುರುಳಿಕಾಯಿ ಮುರಿಯಲು ಕೂತಿದ್ದೆ. ನಮ್ಮಪ್ಪ ಹಿಂದಿನ ದಿನವಷ್ಟೇ ಬಸ್ಸಿನಲ್ಲಿ ಬಂದು ಒಂದು ಚೀಲ ಹುರುಳಿಕಾಯಿ, ನಾಲ್ಕು ತೆಂಗಿನಕಾಯಿ ಇಳಿಸಿ ಹೋಗಿದ್ದರು.

ಮರುದಿನ ಬೆಳಿಗ್ಗೆ ನನ್ನ ಪಲ್ಯ ಗಣಿಗೆ ಇಳಿಯಿತು. ನಡುವಿನ ಡಬ್ಬಿಯ ತುಂಬ ಹಸಿರು, ಅದರ ಮೇಲೆ ಬೆಳ್ಳಗೆ ಕಾಯಿತುರಿ. ಸಂಜೆಯವರೆಗೆ ಯಾಕೆ ಕಾಯಲಿ, ಪಾಳಿ ಬಿಡುವ ಹೊತ್ತಿಗೇ ಬಾಗಿಲಲ್ಲಿ ನಿಂತಿದ್ದೆ. ಅವರು ಬಂದರು. ಕ್ಯಾರಿಯರ್ ಖಾಲಿ, ಅದೂ ತೊಳೆದಷ್ಟು ಖಾಲಿ.

"ಎಂಗಿತ್ತು?" ಅಂದೆ.

"ಚೆನ್ನಾಗಿತ್ತು," ಅಂದರು.

ಆ ಸಂತೋಷ ಹೇಳತೀರದು. ಎರಡನೇ ದಿನ ಕಾಯಿತುರಿ ಇನ್ನೂ ಒಂದು ಹಿಡಿ ಜಾಸ್ತಿ ಹಾಕಿದೆ. ಚೆನ್ನಾಗಿತ್ತು ಅಂದರು. ಮೂರನೇ ದಿನವೂ ಹಾಗೇ. ಅತ್ತೆ ಬಂದರೆ ಏನು ಹೇಳಬೇಕು, ಎಷ್ಟು ವಿನಯದಿಂದ ಹೇಳಬೇಕು ಎಂದೆಲ್ಲ ಪಾತ್ರೆ ತೊಳೆಯುತ್ತ ಲೆಕ್ಕ ಹಾಕುತ್ತಿದ್ದೆ.

ನಾಲ್ಕನೇ ದಿನ ಕೊಳಾಯಿಯ ಹತ್ತಿರ ಪಕ್ಕದ ಮನೆಯ ಅಕ್ಕ ಸಿಕ್ಕಿದಳು. ತಮಿಳಿನವಳು. ಅವಳ ಗಂಡ, ನನ್ನ ಗಂಡ ಒಂದೇ ಕಡೆ ಕೆಲಸ. ಕೊಡ ತುಂಬುತ್ತ ಅವಳು ತಾನೇ ತಾನಾಗಿ ನಗತೊಡಗಿದಳು.

"ತಂಗಚ್ಚಿ, ನಾನು ನಮ್ಮವ್ರಿಗೆ ಇಬ್ರಿಗಾಗೋಷ್ಟು ಗೊಜ್ಜು ಕಟ್ತಾ ಇದೀನಿ, ಗೊತ್ತಾ? ನಿಮ್ಮವ್ರೂ ಅದ್ರಲ್ಲೇ ಉಣ್ತಾರೆ. ನಿನ್ ಪಲ್ಯ ತಿಂದು ಕೆಳಗಿರೋ ಇಲಿಗಳು ಬೆಕ್ಕಿನಷ್ಟು ದಪ್ಪ ಆಗವಂತೆ."

ನನಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಕೆಳಗೆ ಇಳಿದಷ್ಟೂ ಸೆಕೆ, ಬಂಡೆ ಮುಟ್ಟಿದರೆ ಬಿಸಿ, ಗಂಡಸರು ಬನಿಯನ್ ಬಿಚ್ಚಿಟ್ಟು ಕೆಲಸ ಮಾಡುತ್ತಾರೆ. ಹಸಿ ತೆಂಗಿನಕಾಯಿ ಹಾಕಿದ್ದು ಊಟದ ಹೊತ್ತಿಗೆ ಹಳಸಿ ನೊರೆ ಬಂದಿರುತ್ತದೆ. ಇದು ಲೈನಿನ ಸಣ್ಣ ಹುಡುಗಿಯರಿಗೂ ಗೊತ್ತು. ಅಷ್ಟು ಗೊತ್ತಿಲ್ಲದವರು ಇರಬಹುದೆಂದು ನನ್ನ ಅತ್ತೆಗೆ ಹೊಳೆದೇ ಇರಲಿಲ್ಲ.

ನನಗೆ ಗೊತ್ತಾಗುವುದಾದರೂ ಹೇಗೆ? ನಮ್ಮ ಊರಲ್ಲಿ ನೆಲದ ಒಳಗೆ ಹೋಗುವುದು ಅಂದರೆ ಬಾವಿಗೆ ಇಳಿಯುವುದು. ನಡುಬೇಸಿಗೆಯಲ್ಲಿ ಬಾವಿಯ ಮೆಟ್ಟಿಲ ಮೇಲೆ ಮಜ್ಜಿಗೆ ಗಡಿಗೆ ಇಟ್ಟರೆ ಸಂಜೆಗೆ ಕಲ್ಲಿನ ಹಾಗೆ ತಣ್ಣಗಿರುತ್ತಿತ್ತು. ಬಾವಿಯೇ ಅಷ್ಟು ತಂಪಾದರೆ ಅದಕ್ಕಿಂತ ನೂರಾರು ಪಾಲು ಆಳದ ಗಣಿ ಇನ್ನೆಷ್ಟು ತಂಪಿರಬೇಡ ಅಂತ ನಾನು ತಿಳಿದಿದ್ದೆ. ಯಜಮಾನರು ಬಟ್ಟೆ ತೊಯ್ಯಿಸಿಕೊಂಡು ಬಂದಾಗ ಅದು ಒರತೆಯ ನೀರು ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ನಾನಿಲ್ಲಿ ಒಲೆಯ ಮುಂದೆ ಬೇಯುವಾಗ ಅವರು ಅಲ್ಲಿ ತಂಪಾಗಿದ್ದಾರೆ ಎಂದು ಸ್ವಲ್ಪ ಹೊಟ್ಟೆಕಿಚ್ಚೂ ಪಟ್ಟಿದ್ದೆ.

ಕೊಡ ಹೊತ್ತು ಮನೆಗೆ ಬಂದವಳಿಗೆ ಮೈಯೆಲ್ಲ ಉರಿ. ಪಲ್ಯ ಕೆಟ್ಟಿದ್ದಕ್ಕೆ ನಾಚಿಕೆಯಾಯಿತು, ಸರಿ. ಆದರೆ ಗಂಡ ಎದುರಿಗೆ ನಿಂತು ಸುಳ್ಳು ಹೇಳಿದ್ದಕ್ಕೆ ಬಂದ ಕೋಪ ನಾಚಿಕೆಗಿಂತ ದೊಡ್ಡದಾಗಿತ್ತು. ಅವರು ಬಂದು ಮುಖ ತೊಳೆಯುವುದಕ್ಕೂ ಬಿಡಲಿಲ್ಲ.

"ಇವತ್ತು ಇಲಿ ಏನಂದ್ವು? ಉಪ್ಪು ಸರಿಯಾಗಿತ್ತಂತಾ?"

ಅವರಿಗೆ ತಿಳಿದುಹೋಯಿತು. ತಲೆ ಕೆರೆದುಕೊಂಡು ನಿಂತರು.

"ಯಾಕ್ ಸುಳ್ ಏಳುದ್ರಿ? ಅಳಸೋಗಿತ್ತು ಅಂದಿದ್ರೆ ನಾನೇನ್ ತಿಂದ್ಬುಡ್ತಿದ್ನಾ?"

"ನೀನು ಬಾಗ್ಲಾಗೆ ನಿಂತ್ಕಂಡಿದ್ದೆ," ಅಂದರು. "ಮಕ ನೋಡಿ ಎಂಗ್ ಏಳ್ಲಿ."

ಅಷ್ಟು ಹೇಳಿ ಕೈಕಾಲು ತೊಳೆಯಲು ಹೋದರು. ನನ್ನ ಕೋಪ ಅರ್ಧ ಅಲ್ಲೇ ಇಳಿಯಿತು, ಉಳಿದರ್ಧವನ್ನು ಎರಡು ದಿನ ಮಾತು ಬಿಟ್ಟು ಕಾಪಾಡಿಕೊಂಡೆ. ಆದರೂ ಚಿಂತೆ ಶುರುವಾಯಿತು. ಅತ್ತೆ ಬಂದೇ ಬರುತ್ತಾರೆ, ಲೈನಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ, ಕ್ಯಾರಿಯರ್ ನನ್ನ ಕೈ ತಪ್ಪುತ್ತದೆ. ಗೊಜ್ಜು, ಚಟ್ನಿಪುಡಿ ಕಟ್ಟಿ ಬಚಾವಾಗಬಹುದಿತ್ತು. ಆದರೆ ಸೋತು ಗೊಜ್ಜಿಗೇ ನಿಲ್ಲುವುದು ನನ್ನ ಜಾಯಮಾನವಲ್ಲ. ಗಣಿಯ ಸೆಕೆಗೂ ಜಗ್ಗದ ಹುರುಳಿಕಾಯಿ ಪಲ್ಯ ಮಾಡಿಯೇ ತೀರಬೇಕೆಂದು ಹಟ ಹಿಡಿದೆ. ಅಲ್ಲಿಯವರೆಗೆ ಮಾತ್ರ ಹಲ್ಲು ಕಚ್ಚಿ ಗೊಜ್ಜನ್ನೇ ಕಟ್ಟಿ ಕಳಿಸಿದೆ.

ಗಣಿಯೊಳಗೆ ಹೋಗಿ ನೋಡುವ ಹಾಗಿಲ್ಲ. ಹಾಗಾಗಿ ಗಣಿಯನ್ನು ಮನೆಗೇ ತಂದೆ. ಬಚ್ಚಲಿನ ಹಂಡೆಗೆ ನೀರು ತುಂಬಿ, ಕೆಳಗೆ ಸಣ್ಣ ಕೆಂಡ ಇಟ್ಟು, ಮನೆಯ ಬೇರೆ ಡಬ್ಬಿಗಳಲ್ಲಿ ಪಲ್ಯ ತುಂಬಿ ಹಂಡೆಯ ಮುಚ್ಚಳದ ಮೇಲೆ ಸಾಲಾಗಿಟ್ಟು ಗೋಣಿತಾಟು ಹೊದಿಸಿದೆ. ಯಜಮಾನರು ಕೆಲಸಕ್ಕೆ ಹೋದ ಹೊತ್ತಿಗೆ ಇಡುವುದು, ಅವರ ಊಟದ ಹೊತ್ತಿಗೆ ತೆಗೆಯುವುದು. ಬೆಂಕಿ ಆರದ ಹಾಗೆ ಕಾಯುತ್ತ ಕೂತರೆ ಬಾಣಂತಿಗೆ ನೀರು ಕಾಯಿಸುತ್ತಿದ್ದೇನೆ ಅನ್ನಿಸುತ್ತಿತ್ತು. ಪಕ್ಕದ ಮನೆಯ ಅಕ್ಕನೂ ಬಂದು ಕೂರತೊಡಗಿದಳು. ಇಬ್ಬರೂ ಒಂದೊಂದೇ ಡಬ್ಬಿ ತೆರೆದು ಮೂಸುವುದು, ಮೂಗು ಮುಚ್ಚಿಕೊಳ್ಳುವುದು, ಕಣ್ಣಲ್ಲಿ ನೀರು ಬರುವಷ್ಟು ನಗುವುದು. ಮದುವೆಯಾಗಿ ಬಂದ ಮೇಲೆ ನಾನು ಅಷ್ಟು ನಕ್ಕಿದ್ದು ಅದೇ ಮೊದಲು.

ಹುರಿದ ತೆಂಗಿನತುರಿ ಹಸಿಯದಕ್ಕಿಂತ ಸ್ವಲ್ಪ ತಡೆಯಿತು, ಆದರೂ ಮುಗ್ಗಲು ವಾಸನೆ ಹೋಗಲಿಲ್ಲ. ಈರುಳ್ಳಿ ಹಾಕಿದ್ದಂತೂ ಮುಚ್ಚಳ ತೆಗೆಯುವ ಮೊದಲೇ ಗೊತ್ತಾಯಿತು. ನೀರು ಇಂಗದೆ ಉಳಿದ ಪಲ್ಯ ಲೋಳೆಯಾಯಿತು. ಬಸ್ಸಿನಲ್ಲಿ ಅಪ್ಪ ಇನ್ನೊಂದು ಚೀಲ ಹುರುಳಿಕಾಯಿ ಕಳಿಸಿದರು. ಅದರ ಜೊತೆಗೆ ನಮ್ಮವ್ವ ಒಂದು ಗಂಟು ಹುಚ್ಚೆಳ್ಳು ಕಟ್ಟಿದ್ದಳು. ಕಪ್ಪಗೆ, ಎಳ್ಳಿಗಿಂತ ಸಣ್ಣಗೆ ಇರುವ ಆ ಕಾಳನ್ನು ನಮ್ಮ ಕಡೆ ಹುರಿದು ಚಟ್ನಿಪುಡಿ ಮಾಡುತ್ತಾರೆ, ತಿಂಗಳಾದರೂ ಕೆಡುವುದಿಲ್ಲ. ಗಂಟು ಬಿಚ್ಚಿದಾಗಲೇ ನನಗೆ ಹೊಳೆಯಿತು.

ಹುಚ್ಚೆಳ್ಳನ್ನು ಚಟಪಟ ಅನ್ನುವ ತನಕ ಹುರಿದೆ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಚೂರು ಹುಣಸೆಹಣ್ಣು ಸೇರಿಸಿ ಒರಳಲ್ಲಿ ಕುಟ್ಟಿದೆ. ಹುರುಳಿಕಾಯಿಯನ್ನು ಸಣ್ಣಗೆ ಹೆಚ್ಚಿ, ನೀರು ಚಿಮುಕಿಸಿ ಬೇಯಿಸಿ, ಆಮೇಲೆ ಮುಚ್ಚಳ ತೆಗೆದು, ಕಡಲೆಕಾಯಿ ಎಣ್ಣೆಯಲ್ಲಿ ಹನಿ ನೀರೂ ಉಳಿಯದ ಹಾಗೆ ಬಾಡಿಸಿದೆ. ಕೊನೆಗೆ ಪುಡಿ ಉದುರಿಸಿ ಎರಡು ಸಲ ಕೆದಕಿ ಇಳಿಸಿದೆ. ನೋಡಲು ಇದ್ದಲಿನ ಪುಡಿ ಚೆಲ್ಲಿದ ಹಾಗಿತ್ತು. ಹಂಡೆಯ ಮೇಲೆ ಹೊತ್ತು ಕಳೆದು ತೆರೆದಾಗ ಬಂದ ಘಮಕ್ಕೆ ಪಕ್ಕದ ಮನೆಯ ಅಕ್ಕ ತನ್ನ ಮನೆಗೆ ಹೋಗಿ ಒಂದು ತಟ್ಟೆ ಅನ್ನ ತಂದಳು.

ಆ ಪಲ್ಯ ಗಣಿಗೆ ಇಳಿದ ದಿನವೇ ಅತ್ತೆ ಬಂಗಾರಪೇಟೆಯಿಂದ ಬಂದರು. ಹೇಳಿದ್ದಕ್ಕಿಂತ ಎರಡು ದಿನ ಮೊದಲೇ. ಮಧ್ಯಾಹ್ನದ ರೈಲಿಗೆ ಬಂದು, ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಮೊಮ್ಮಗುವಿನ ಮೂಗು ಯಾರ ಹಾಗಿದೆ ಎಂದು ಹೇಳುತ್ತಿದ್ದರು. ನನ್ನ ಕಿವಿ ಮಾತ್ರ ಬೀದಿಯ ಕಡೆಗಿತ್ತು.

ಯಜಮಾನರು ಬಂದರು. ಮುಖ ಗಂಟು ಹಾಕಿಕೊಂಡಿತ್ತು. ತಾಯಿಯನ್ನು ನೋಡಿ ಯಾವಾಗ ಬಂದೆ ಎಂದೂ ಕೇಳಲಿಲ್ಲ.

"ಅನ್ನ ಆಕು, ಒಟ್ಟೆ ಅಸ್ದು ಪ್ರಾಣ ಓಗ್ತಾ ಐತೆ," ಅಂದರು ನನಗೆ.

ಇಷ್ಟೆಲ್ಲ ಹಂಡೆ ಕಾಯಿಸಿದ್ದು ಮಣ್ಣುಪಾಲಾಯಿತು ಅಂದುಕೊಂಡೆ. ಅತ್ತೆ ನಿಧಾನಕ್ಕೆ ನನ್ನ ಕಡೆ ತಿರುಗಿ ನೋಡಿದರು, ಆಮೇಲೆ ಮಗನ ಕೈಯಿಂದ ಕ್ಯಾರಿಯರ್ ಇಸಿದುಕೊಂಡರು.

"ಯಾಕ್ಲಾ, ಬುತ್ತಿ ಕೆಟ್ಟೋಗಿತ್ತಾ?"

"ಕೆಟ್ಟಿದ್ರೆ ನಂಗೇ ಉಳೀತಿತ್ತಲ್ಲವ್ವಾ," ಅಂದರು ಅವರು, ನಿಜವಾದ ಸಿಟ್ಟಿನಿಂದ. "ಮುಚ್ಚಳ ತೆಗೆಯಾಕೂ ಬಿಡ್ಲಿಲ್ಲ. ಏಳು ಜನ ಸುತ್ತ ಕೂತ್ಕಂಡು ಪಲ್ಯಾನೆಲ್ಲ ಬಳುದ್ಬುಟ್ರು. ನಂಗೆ ಬರೀ ಅನ್ನ. ಇವ್ಳಿಗೇಳು, ನಾಳೆ ಇದುನ್ನ ಕಟ್ಟಂಗಿದ್ರೆ ಇನ್ನೊಂದ್ ಡಬ್ಬಿ ಕೊಡ್ಲಿ, ಇಲ್ದಿದ್ರೆ ಬ್ಯಾಡ."

ಅತ್ತೆ ನಡುವಿನ ಡಬ್ಬಿ ಬಿಚ್ಚಿ, ಅಂಚಿಗೆ ಅಂಟಿದ್ದ ಕಪ್ಪು ಪುಡಿಯನ್ನು ಬೆರಳಲ್ಲಿ ಸವರಿ ನಾಲಿಗೆಗೆ ಇಟ್ಟುಕೊಂಡರು.

"ನಾಲ್ಕು ಡಬ್ಬೀದು ತಗಾಬೇಕು ಕಣಮ್ಮ," ಎಂದು ನನಗೆ ಹೇಳಿ, ಖಾಲಿ ಕ್ಯಾರಿಯರನ್ನು ಮಗನಿಗೆ ಕೊಡದೆ, ತಾವೂ ಇಟ್ಟುಕೊಳ್ಳದೆ, ನನ್ನ ಪಕ್ಕಕ್ಕೆ ಸರಿಸಿ ಕಾಲು ನೀವಿಕೊಳ್ಳತೊಡಗಿದರು.

ಬಾಂಡ್ಲಿಯಲ್ಲಿ ಉಳಿಸಿದ್ದ ಪಲ್ಯವನ್ನು ಅನ್ನದ ಜೊತೆ ಬಡಿಸಿದೆ. ಯಜಮಾನರು ತಲೆಯೆತ್ತದೆ ಉಂಡರು. ಚೆನ್ನಾಗಿದೆ ಎಂಬ ಒಂದು ಮಾತು ಆಡಲಿಲ್ಲ. ತಟ್ಟೆಯನ್ನು ಮತ್ತೆ ನನ್ನ ಕಡೆಗೆ ತಳ್ಳಿದರು, ಬಾಂಡ್ಲಿ ಬರಿದಾಗುವವರೆಗೂ ಬಡಿಸಿದೆ.