ಹಿಂದಿನಿಂದ ಬಂದ ಹ್ಞೂಂ

ಇದು ನಡೆದದ್ದು. ಕಳೆದ ವರ್ಷ, ಗುಡೂರಿನಿಂದ ಇಳಕಲ್ಲಿಗೆ ಹೋಗುವ ದಾರಿಯಲ್ಲಿ, ನನ್ನ ಈ ಕಿವಿಯಿಂದಲೇ ಕೇಳಿದ್ದು. ಕಥೆ ಕಟ್ಟಿದ್ದಾನೆ ಎನ್ನುವವರು ಅನ್ನಲಿ. ಕಟ್ಟುವುದೇ ಆಗಿದ್ದರೆ ನಾನು ಇದಕ್ಕಿಂತ ಸ್ವಲ್ಪ ಒಳ್ಳೆಯವನಾಗಿ ಕಾಣುವಂಥದ್ದನ್ನು ಕಟ್ಟುತ್ತಿದ್ದೆ.

ನಾನು, ನನ್ನ ಹೆಂಡತಿ ಸುನಂದಾ, ಇಬ್ಬರೂ ಬಾಗಲಕೋಟೆಯಲ್ಲಿ ಶಾಲಾ ಶಿಕ್ಷಕರು. ರಜೆ ಬಂತೆಂದರೆ ಸೈಕಲ್ಲುಗಳಿಗೆ ಚೀಲ ಕಟ್ಟಿಕೊಂಡು ದೂರದೂರ ಹೊರಡುವ ಹುಚ್ಚು. ಆ ಸಲ ಹತ್ತು ದಿನದ ತಿರುಗಾಟ. ಕೆರೂರ, ಬಾದಾಮಿ, ಇಳಕಲ್, ಅಲ್ಲಿಂದ ಹಂಪಿ, ಮರಳುವಾಗ ಹುನಗುಂದ, ಕಮತಗಿ.

ನಮ್ಮದೊಂದು ನಿಯಮವಿತ್ತು. ಮುಂದೆ ಹೋಗುವವರು ರಸ್ತೆ ನೋಡಿ ಕೂಗಬೇಕು: "ತಗ್ಗು!", "ಉಸುಕು!", "ಲಾರಿ!" ಹಿಂದಿನವರು "ಹ್ಞೂಂ" ಅನ್ನಬೇಕು. ಆ ಹ್ಞೂಂ ಕೇಳಿದರೆ ಸಾಕು, ತಿರುಗಿ ನೋಡುವ ಹಾಗಿಲ್ಲ. ಭಾರ ಹೇರಿದ ಸೈಕಲ್ಲಿನ ಮೇಲೆ ಕತ್ತು ಹೊರಳಿದರೆ ಹ್ಯಾಂಡಲ್ಲೂ ಹೊರಳುತ್ತದೆ. ಈ ನಿಯಮ ಮಾಡಿದವನು ನಾನೇ.

ಕೆರೂರ ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಹೆಂಗಸೊಬ್ಬಳು ನಮ್ಮ ಚೀಲಗಳನ್ನು ನೋಡಿ ನಕ್ಕಳು. "ಜಗಳಾ ಆಡಿ ಮನಿ ಬಿಟ್ಟ ಹೊಂಟೀರೇನ್ರಿ?"

"ಜಗಳಾ ಆಡಿದ್ರ ನಾ ಒಬ್ಬಾಕೀನ ಹೋಗ್ತಿದ್ದೆ ಬಿಡವಾ," ಅಂದಳು ಸುನಂದಾ.

ಅಲ್ಲಿಯೇ ಅವಳು ಎಡಗೈಯನ್ನು ಝಾಡಿಸಿಕೊಂಡದ್ದು. ಅಥವಾ ಬಾದಾಮಿಯಲ್ಲಿ... ಇಲ್ಲ, ಎರಡೂ ಕಡೆ.

"ಕೈ ಜೋಮ ಹಿಡದೈತ್ರಿ."

"ಹ್ಯಾಂಡಲ್ ಅಷ್ಟ ಗಟ್ಟಿ ಹಿಡಕೊಂಡ್ರ ಇನ್ನೇನ ಆಗತೈತಿ? ಸಡ್ಲ ಬಿಡ."

ದೂರ ಸೈಕಲ್ ಹೊಡೆಯುವವರಿಗೆಲ್ಲ ಕೈ ಜೋಮು ಹಿಡಿಯುತ್ತದೆ. ನನಗೂ ಹಿಡಿದಿತ್ತು. ನನ್ನವು ಎರಡೂ ಕೈ, ಅವಳದು ಎಡಗೈ ಒಂದೇ. ಆ ವ್ಯತ್ಯಾಸ ಆಗ ನನಗೆ ಹೊಳೆಯಲಿಲ್ಲ.

ಮೂರನೆಯ ದಿನ ನನ್ನ ಹಿಂದಿನ ಚಕ್ರ ಎರಡು ಸಲ ಪಂಕ್ಚರಾಯಿತು. ಗುಡೂರು ತಲುಪಿದಾಗ ಹೊತ್ತು ಮುಳುಗಿತ್ತು. ರಸ್ತೆಯ ಪಕ್ಕದ ಒಂದು ಮನೆಯಿಂದ ಮಗ್ಗದ ಸದ್ದು ಬರುತ್ತಿತ್ತು, ಟಕ್... ಟಕ್... ನೀರು ಕೇಳಿದೆವು. ಮಗ್ಗ ನಿಂತಿತು. ಹೊರಬಂದವಳು ಗೌರವ್ವ, ಐವತ್ತರ ಆಸುಪಾಸಿನ ನೇಕಾರ ಹೆಂಗಸು. ಬಾಟಲಿ ತುಂಬಿಸಿ ತಂದಳು, ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟಳು.

"ಕತ್ತಲಾತು. ಇಲ್ಲೇ ವಸ್ತಿ ಮಾಡ್ರಿ. ಬಿಸಿ ರೊಟ್ಟಿ ಬಡೀತೇನಿ."

"ಹಾದಿ ಭಾಳ ಕೆಟ್ಟೈತ್ರಿ ಸರ," ಅಂದ ಅವಳ ಗಂಡ ಮಲ್ಲಪ್ಪ.

ಸುನಂದಾ ಕಟ್ಟೆಯಿಂದ ಏಳಲಿಲ್ಲ. "ಇರೂಣಲ್ರಿ ಇಲ್ಲೇ."

"ಇಳಕಲ್ಲಿನಾಗ ರೂಮ್ ಹೇಳೇವಿ. ಒಂದೂವರಿ ತಾಸಿನ ಹಾದಿ, ಏಳ."

ಅವಳು ಗೌರವ್ವನ ಕಡೆ ನೋಡಿ ನಕ್ಕಳು. "ರಜಾ ಇದ್ರೂ ಇವರ ಗಂಟಿ ಬಾರ್ಸೂದ ಬಿಡಂಗಿಲ್ಲ ನೋಡವಾ." ಎದ್ದಳು.

ಅಮಾವಾಸ್ಯೆ ಎಂದು ಬರೆಯಲು ಕೈ ಹೋಗುತ್ತದೆ. ಅಮಾವಾಸ್ಯೆ ಅಲ್ಲ. ಪಡುವಣದಲ್ಲಿ, ನಮ್ಮ ಬೆನ್ನ ಹಿಂದೆ, ತೆಳುವಾದ ಚಂದ್ರ ಇದ್ದ. ಕೊಯ್ದ ಜೋಳದ ಕಣಿಕೆಯ ಒಣ ವಾಸನೆ. ನನ್ನ ಸೈಕಲ್ಲಿನ ಚೈನು ಕಿರ್ ಕಿರ್ ಅನ್ನುತ್ತಿತ್ತು. ನಾನು ಮುಂದೆ, ಅವಳು ಹಿಂದೆ.

"ತಗ್ಗು!"

"ಹ್ಞೂಂ."

"ಉಸುಕೈತಿ, ಸಾವಕಾಶ!"

"ಹ್ಞೂಂ."

ಹೀಗೇ ಒಂದು ತಾಸಿಗಿಂತ ಹೆಚ್ಚು. ನಡುವೆ ಒಂದು ಕಡೆ ಆ ಹ್ಞೂಂ ತೀರ ಹತ್ತಿರ ಕೇಳಿಸಿತು... ಭುಜದ ಹಿಂದೆಯೇ ಇದ್ದ ಹಾಗೆ. ಅವಳ ತಲೆಯ ಕೊಬ್ಬರಿ ಎಣ್ಣೆಯ ವಾಸನೆ ಬಂತು. ಗಾಳಿ ಎದುರಿನಿಂದ ಬೀಸುತ್ತಿತ್ತು. ಹಿಂದಿನ ವಾಸನೆ ಮುಂದೆ ಹೇಗೆ ಬಂತು ಎಂದು ಆಗ ಯೋಚಿಸಲಿಲ್ಲ.

"ದಣಿವಾತೇನ?"

"ಹ್ಞೂಂ."

"ಇನ್ನ ಸ್ವಲ್ಪ ಐತಿ."

"ಹ್ಞೂಂ."

ಒಂದೇ ಚೈನಿನ ಸದ್ದು ಕೇಳುತ್ತಿತ್ತು, ಎರಡಲ್ಲ. ಇದನ್ನು ನಾನು ಆಗಲೇ ಗಮನಿಸಿದೆನೋ, ಆಮೇಲೆ ನೆನಪಿಗೆ ಸೇರಿಸಿಕೊಂಡೆನೋ, ಹೇಳಲಾರೆ.

ಇಳಕಲ್ಲಿನ ದೀಪಗಳು ಕಂಡವು. ಊರ ಅಂಚಿನಲ್ಲಿ ಕಾಲು ಊರಿ ನಿಂತೆ. "ಬಂದ್ವಿ ನೋಡ, ಸುಮ್ಮನ ಅಂಜತಿದ್ದಿ."

ಉತ್ತರ ಬರಲಿಲ್ಲ.

ತಿರುಗಿದೆ. ರಸ್ತೆ ಖಾಲಿ ಇತ್ತು.

ಕಣ್ಣಿಗೆ ನಿಲುಕುವಷ್ಟು ದೂರವೂ ಖಾಲಿ. ಅವಳ ಫೋನಿಗೆ ಕರೆ ಮಾಡಿದೆ. ಬಹಳ ಹೊತ್ತಿನ ಮೇಲೆ ಯಾರೋ ಎತ್ತಿದರು. ಧ್ವನಿ ಗೌರವ್ವನದು.

"ಯಾರ್ರಿ? ಲಗೂನ ಬರ್ರಿ... ಅಕ್ಕಾರು ನೀರಿನ ಬಾಟ್ಲಿ ಕಟ್ಟಿ ಮ್ಯಾಲ ಬಿಟ್ಟಿದ್ರು. ಉಂಡ ಎದ್ದ ಮ್ಯಾಲ ಕಂಡ್ತು, ಕೊಡಾಕಂತ ಮೋಟಾರ್ ಸೈಕಲ್ ಮ್ಯಾಲ ಹಿಂದ ಬಂದ್ವಿ. ಹಾದಿ ಬಾಜೂಕ ಎದಿ ಹಿಡಕೊಂಡ ಬಿದ್ದಾರ. ಇನ್ನಾ ಗುಡೂರ ಹತ್ರನ ಅದೇವ್ರಿ."

"ನಾನ್ರಿ... ಅಕಿ ಗಂಡ. ಇಳಕಲ್ಲಿನಾಗ ಅದೇನಿ."



"ಏನ ಹೇಳಾಕತ್ತೀರಿ ಸರ? ನೀವು ಈಗ ಇಲ್ಲೇ ಇದ್ರಲ್ರಿ! ಅಕ್ಕಾರ ತಲಿ ತೊಡಿ ಮ್ಯಾಲ ಇಟಗೊಂಡ ಕುಂತಿದ್ರಿ. ಗಾಡಿ ದೀಪಾ ಬಿದ್ದಾಗ ನಾನೂ ನೋಡೇನಿ, ಇವರೂ ನೋಡ್ಯಾರ. ಇಳದು ಹತ್ರ ಬರೂದ್ರಾಗ..."



ಸುನಂದಾ ಬಿದ್ದದ್ದು ಗುಡೂರು ದಾಟಿ ಎರಡೋ ಮೂರೋ ಕಿಲೋಮೀಟರಿಗೆ. ಬಿದ್ದದ್ದೂ ಅಲ್ಲ. ಸೈಕಲ್ಲನ್ನು ನೀಟಾಗಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದಳಂತೆ, ಹಿಂದಿನ ಕೆಂಪು ದೀಪ ಉರಿಯುತ್ತಲೇ ಇತ್ತಂತೆ. ಅಲ್ಲಿಂದ ಇಳಕಲ್ಲಿನವರೆಗೆ, ಅಷ್ಟೂ ದಾರಿ, ನನಗೆ ಹ್ಞೂಂ ಅಂದವರು ಯಾರು?

ಬಾಗಲಕೋಟೆಯ ದವಾಖಾನೆಯಲ್ಲಿ ಎರಡು ದಿನ ಇದ್ದಳು. ಎರಡನೆಯ ಸಂಜೆ ಮಾತಾಡಿದಳು, ಬಹಳ ಸಣ್ಣಗೆ.

"ನೀವು ಬಾಜೂಕ ಕುಂತಿದ್ರಿ ಅಂತ ಅಂಜಿಕಿ ಆಗ್ಲಿಲ್ಲ ನೋಡ್ರಿ."

ಅವಳು ಛಾವಣಿ ನೋಡುತ್ತ ಕೇಳಿದಳು:

"ಮತ್ತ ಮುಂದ ಹೋದಾಂವ ಯಾರ್ರಿ? ನಾ ಅಷ್ಟ ಒದರಿದೆ... ಹೊಳ್ಳಿ ನೋಡ್ಲಿಲ್ಲ ಅಂವಾ."

"ಯಾರೋ ಹಾದ್ಯಾಗ ಹೋಗಾಂವ," ಅಂದೆ. "ನಾ ನಿನ್ನ ಬಾಜೂಕನ ಇದ್ದೆ."

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. "ಹ್ಞೂಂ," ಅಂದಳು. ನಂಬಿ ಅಂದಳೋ, ನನ್ನನ್ನು ಬಿಟ್ಟುಕೊಡಬಾರದೆಂದು ಅಂದಳೋ, ಗೊತ್ತಾಗಲಿಲ್ಲ. ಬೆಳಗಾಗುವುದರೊಳಗೆ ಹೋಗಿಬಿಟ್ಟಳು.

ಆ ರಾತ್ರಿಯ ಹ್ಞೂಂಗಳನ್ನು ನಾನೇ ಕಲ್ಪಿಸಿಕೊಂಡಿರಬಹುದು. ವರ್ಷಗಟ್ಟಲೆ ಕೇಳಿ ಪಳಗಿದ ಕಿವಿ ಖಾಲಿ ಜಾಗವನ್ನು ತಾನೇ ತುಂಬಿಕೊಂಡಿರಬಹುದು. ಹಾಗಾದರೆ ಉಳಿಯುವುದು ಒಂದೇ ಮಾತು: ಹೆಂಡತಿ ಒದರುತ್ತಿದ್ದಳು, ನಾನು ಕೇಳದೆ ಹೋದೆ. ಏನೋ ಒಂದು ಹಿಂದೆ ಬಂದಿತ್ತು ಎಂದರೆ ನನ್ನ ತಪ್ಪು ಸ್ವಲ್ಪ ಹಗುರಾಗುತ್ತದೆ. ನನಗೆ ಇಷ್ಟು ಅನುಕೂಲವಾದ ನೆನಪನ್ನು ನಾನು ನಂಬುವುದಿಲ್ಲ. ಆದರೆ ಗೌರವ್ವ, ಮಲ್ಲಪ್ಪ ನೋಡಿದ್ದನ್ನು ಏನು ಮಾಡಲಿ? ಅವರಿಗೆ ಅದರಿಂದ ಯಾವ ಅನುಕೂಲ?

ಹೋದ ತಿಂಗಳು ಬಸ್ಸಿನಲ್ಲಿ ಗುಡೂರಿಗೆ ಹೋದೆ. ಗೌರವ್ವ ನೀರಿನ ಬಾಟಲಿಯನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಳು. ಅದನ್ನು ಹಿಡಿದು ಹೊರಟಾಗ ಎಲ್ಲಿಗೆ ಎಂದು ಕೇಳಲಿಲ್ಲ. "ಲಗೂ ಬರ್ರಿ ಸರ, ರೊಟ್ಟಿ ಮಾಡಿರ್ತೇನಿ," ಅಂದಳು ಅಷ್ಟೇ.

ಮಲ್ಲಪ್ಪ ತೋರಿಸಿದ ಜಾಗದಲ್ಲಿ, ರಸ್ತೆಯ ಬದಿಯ ಮಣ್ಣಿನ ಮೇಲೆ ಕುಳಿತೆ. ನನ್ನ ಸುಳ್ಳನ್ನು ಒಂದು ರಾತ್ರಿಯ ಮಟ್ಟಿಗಾದರೂ ಖರೆ ಮಾಡಬೇಕಿತ್ತು. ಮಲ್ಲಪ್ಪನನ್ನು ಕಳಿಸಿಬಿಟ್ಟೆ. ಕತ್ತಲಾಯಿತು. ಅದೇ ಕಣಿಕೆಯ ವಾಸನೆ. ಬಹಳ ಹೊತ್ತು ಏನೂ ಆಗಲಿಲ್ಲ, ಏನೂ ಆಗುವುದಿಲ್ಲ ಎಂದು ಏಳಬೇಕೆಂದಿದ್ದೆ...

ಕಿರ್... ಕಿರ್...

ಗುಡೂರಿನ ಕಡೆಯಿಂದ ಒಂದು ಸೈಕಲ್ ಬಂತು. ಹಿಂದೆ ಎರಡು ಚೀಲ, ಒಂದು ಕೆಂಪು ದೀಪ. ಸವಾರ ನನ್ನ ಕಡೆ ನೋಡದೆ ದಾಟಿ ಹೋದ. ಮುಂದೆ, ಕತ್ತಲೆಯೊಳಗಿನಿಂದ, ಕೂಗಿದ:

"ತಗ್ಗು!"

ನನ್ನ ಧ್ವನಿ.

ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಉತ್ತರ ಬರದಿದ್ದರೆ ಅವನು ಹೊರಳಿ ನೋಡುತ್ತಾನೆ. ನೋಡಲೇಬೇಕು. ನೋಡಿದರೆ ತಿರುಗಿ ಬರುತ್ತಾನೆ, ಇನ್ನೂ ಹೊತ್ತಿದೆ, ಗೌರವ್ವನ ಮನೆ ಹತ್ತಿರವೇ ಇದೆ...

ಚೈನಿನ ಸದ್ದು ನಿಧಾನವಾಯಿತು. ನಿಂತಿತು. ಕೆಂಪು ದೀಪ ಅಲುಗಾಡದೆ ಅಲ್ಲೇ ಇತ್ತು.

"ಸುನಂದಾ?"

ಆಗ ನನ್ನ ಪಕ್ಕದಲ್ಲೇ, ತೊಡೆಯಷ್ಟು ಎತ್ತರದಿಂದ, ಮೆಲ್ಲಗೆ, ಸ್ವಲ್ಪವೂ ನೋವಿಲ್ಲದ ಧ್ವನಿ:

"ಹ್ಞೂಂ."

ಕಿರ್... ಕಿರ್... ದೀಪ ಇಳಕಲ್ಲಿನ ಕಡೆ ಸಾಗಿ ಸಣ್ಣದಾಯಿತು, ಆಮೇಲೆ ಇಲ್ಲವಾಯಿತು.

ಅವನು ನಿಂತಿದ್ದನಲ್ಲ. ಇನ್ನೊಂದು ಕ್ಷಣ ಅವಳು ಸುಮ್ಮನಿದ್ದರೆ ಸಾಕಿತ್ತಲ್ಲ. ಯಾಕೆ ಅಂದಳು?

ಮಲ್ಲಪ್ಪ ಲಾಟೀನು ಹಿಡಿದು ಹುಡುಕಿಕೊಂಡು ಬಂದಾಗ ನನಗೆ ಏಳಲು ಆಗಲಿಲ್ಲ. ಬಲತೊಡೆ ಜೋಮು ಹಿಡಿದಿತ್ತು, ಬಹಳ ಹೊತ್ತು ಯಾರೋ ತಲೆಯಿಟ್ಟು ಮಲಗಿ ಈಗಷ್ಟೇ ಎದ್ದು ಹೋದ ಹಾಗೆ.