ಮಾಮನ ಮಾಲೆ

ನಮ್ಮ ಮೇಲ್ಮನೆಗೆ ಬಾಡಿಗೆಗೆ ಬಂದವನು ಚೆಕ್ ದೇಶದವನು. ತೇನಿ ರಸ್ತೆಯ ನೂಲಿನ ಮಿಲ್ಲಿಗೆ ಹೊಸ ಮಿಷನ್ನು ಕೂಡಿಸಿ, ಓಡಿಸಿ ತೋರಿಸುವ ಕೆಲಸ. ಆರು ತಿಂಗಳು ಅಂದವನು ಬೋಡಿನಾಯಕನೂರಿನಲ್ಲಿ ಎರಡು ವರ್ಷ ಉಳಿದ. ನನಗಿಂತ ಒಂದೆರಡು ವರ್ಷ ಚಿಕ್ಕವನಿರಬೇಕು. ಮೊದಲ ವಾರವೇ, ನಾನು ಕೊಟ್ಟಿದ್ದ ಹುರುಳಿಸಾರು ಉಂಡು, ಪಾತ್ರೆ ತೊಳೆದು ತಂದಿಟ್ಟು, "ಅಕ್ಕಾ" ಅಂದ. ಮಿಲ್ಲಿನ ಹುಡುಗರು ಹೇಳಿಕೊಟ್ಟಿದ್ದರೋ ಏನೋ. ನನ್ನನ್ನು ಅಕ್ಕ ಅಂದಮೇಲೆ ನನ್ನ ಮಗಳಿಗೆ ಅವನು ಮಾಮನಲ್ಲದೆ ಇನ್ನೇನು? ಅವನ ಹೆಸರು ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲ. ಮಗಳು ಮಾಮ ಅಂದಳು, ಬೀದಿಯ ಮಕ್ಕಳು ಮಾಮ ಅಂದವು, ಕೊನೆಗೆ ಹಾಲಿನವಳೂ ಹಾಗೇ ಅಂದಳು. ಅದೇ ತನ್ನ ಹೆಸರು ಅನ್ನುವ ಹಾಗೆ, ಯಾರು ಎಲ್ಲಿಂದ ಮಾಮ ಅಂದರೂ ತಿರುಗಿ ನೋಡುತ್ತಿದ್ದ.

ಸಂಜೆ ಮಿಲ್ಲಿನಿಂದ ಬಂದು ನಮ್ಮ ನಡುಮನೆಯಲ್ಲಿ ಕೂತು ನನ್ನ ಜೊತೆ ಏಲಕ್ಕಿ ಆರಿಸುತ್ತಿದ್ದ. ದಪ್ಪ ಬೆರಳು, ಆದರೆ ಕಾಯಿಯ ಬಣ್ಣ ನೋಡುವುದರಲ್ಲಿ ನನಗಿಂತ ಚುರುಕು. ನಮ್ಮ ಮನೆಮಾತು ಕನ್ನಡ, ಬೀದಿಯದು ತಮಿಳು ಅನ್ನುವುದು ಅವನಿಗೆ ಕೊನೆಯವರೆಗೂ ಸರಿಯಾಗಿ ಬಿಡಿಸಿಕೊಳ್ಳಲಾಗಲಿಲ್ಲ. ಎರಡನ್ನೂ ಕಲಸಿ ಆಡುತ್ತಿದ್ದ. ನಾವೂ ಆಡುವುದು ಹಾಗೇ ಅಲ್ಲವೇ, ತಿದ್ದಲು ಹೋಗಲಿಲ್ಲ.

ಮಗಳ ನಿಜವಾದ ಮಾಮ ನನ್ನ ಅಣ್ಣ. ಮಾರ್ಕಯನ್‌ಕೋಟ್ಟೈನಲ್ಲಿ ಬಾಳೆ ಬೆಳೆಯುತ್ತಾನೆ. ನಮ್ಮವರಲ್ಲಿ ಹೆಣ್ಣಿನ ಮೇಲೆ ಮೊದಲ ಹಕ್ಕು ಸೋದರಮಾವನ ಮಗನದು. ಅವಳು ತೊಟ್ಟಿಲಲ್ಲಿದ್ದಾಗಲೇ ಅಣ್ಣ ತನ್ನ ಮಗನಿಗೆ ಅಂತ ಅಂದಿದ್ದ, ನಾನು ನಕ್ಕು ಹೂಂ ಅಂದಿದ್ದೆ. ಬೆಳೆದ ಮೇಲೆ ಅವಳು ಬೇಡ ಅಂದಳು. "ಚಿಕ್ಕಂದಿನಿಂದ ಒಂದೇ ತಟ್ಟೇಲಿ ಉಂಡೋರು, ಹೆಂಗಮ್ಮಾ?" ಅಂದಳು. ದಿಂಡಿಗಲ್ಲಿನ ಹುಡುಗನನ್ನು ಒಪ್ಪಿದಳು. ಹುಡುಗನೂ ನಮ್ಮವರೇ, ಒಳ್ಳೆಯ ಮನೆ. ಅಣ್ಣನಿಗೆ ಅದಾವುದೂ ಲೆಕ್ಕಕ್ಕೆ ಬರಲಿಲ್ಲ.

ಮದುವೆಯ ದಿನ ಸೋದರಮಾವ ಹೆಣ್ಣಿಗೆ ಮಾಲೆ ಹಾಕಿ, ಕೈ ಹಿಡಿದು ಮಣೆಗೆ ಕರೆತರಬೇಕು. ಆಮೇಲೆಯೇ ತಾಳಿ. ನಾನು ವೀಳ್ಯದ ತಟ್ಟೆ ಹಿಡಿದು ಮೂರು ಸಲ ಅಣ್ಣನ ಮನೆಗೆ ಹೋದೆ. ಮೂರನೆಯ ಸಲ ಅವನು ಬಾಳೆಕಂದು ತೆಗೆಯುತ್ತಿದ್ದವನು ತಲೆಯೆತ್ತದೆ ಹೇಳಿದ:

"ನನ್ನ ಮಗನ್ಗೆ ಆಗ್ದಿರೋ ಎಣ್ಣು. ಅವ್ಳ ಕತ್ಗೆ ನಾ ಹೆಂಗವ್ವ ಮಾಲೆ ಹಾಕೋದು?"

ಬಸ್ಸಿನವರೆಗೆ ಬಂದ ಅತ್ತಿಗೆ ನನ್ನ ಕೈ ಹಿಡಿದಳು. "ಬತ್ತಾರೆ ತಾಯಿ. ಅವ್ರ ಬಾಯಷ್ಟೇ ಗಟ್ಟಿ. ಎಣ್ಗೆ ಸೀರೆ ತಕ್ಕಂಡು ಬೀರುವಲ್ಲಿ ಮಡಗವ್ರೆ, ನಾ ನೋಡಿವ್ನಿ. ನೀ ಓಗು."

ಆ ಸೀರೆಯನ್ನೇ ನಂಬಿಕೊಂಡು ನಾನು ಮದುವೆಯ ಕೆಲಸ ಮಾಡಿದೆ.

ಮದುವೆ ದಿಂಡಿಗಲ್ಲಿನ ಮಂಟಪದಲ್ಲಿ. ಹಿಂದಿನ ಸಂಜೆ ಅಣ್ಣ ಬರಲಿಲ್ಲ. ಫೋನು ಎತ್ತಲಿಲ್ಲ. ಬೆಳಗ್ಗೆ ಆರಕ್ಕೆ ನಮ್ಮ ಬೋಡಿಯ ವ್ಯಾನು ಬಂತು, ಅದರಿಂದ ಮಿಲ್ಲಿನ ಬೆಲ್ಟಿನಲ್ಲಿ ವೇಷ್ಟಿ ಪಂಚೆ ಬಿಗಿದುಕೊಂಡ ನಮ್ಮ ಮೇಲ್ಮನೆಯವನು ಇಳಿದ. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. "ಅಕ್ಕಾ, ಏನ್ ವೇಲೆ?" ಅಂದ, ಕೆಲಸ ಏನಿದೆ ಅಂತ. ನೀರಿನ ಲೋಟ ಜೋಡಿಸಲು ಹೇಳಿದೆ. ಮಿಷನ್ನಿನ ಬಿಡಿಭಾಗ ಜೋಡಿಸಿದ ಹಾಗೆ ಸಾಲಾಗಿ ಜೋಡಿಸಿದ.

ನನ್ನ ಕಣ್ಣು ಬಾಗಿಲಲ್ಲೇ ಇತ್ತು. ಮುಹೂರ್ತ ಮುಗಿಯಲು ಹತ್ತು ನಿಮಿಷ ಇರುವಾಗ ಗಂಡಿನ ಕಡೆಯ ಹಿರಿಯರು ಎದ್ದು ನಿಂತು ಕೂಗಿದರು.

"ಮಾಮ ಎಲ್ರಪ್ಪಾ? ಎಣ್ಣಿನ ಮಾಮನ್ನ ಕರೀರಿ. ಮಾಮಾ!"

ಊಟದ ಮನೆಯಿಂದ ಮೇಲ್ಮನೆಯವನು ಬಂದ. ಒದ್ದೆ ಕೈಯನ್ನು ವೇಷ್ಟಿಗೆ ಒರೆಸಿಕೊಂಡು, ಚಪ್ಪಲಿ ಬಿಟ್ಟು, ನೇರ ವೇದಿಕೆ ಹತ್ತಿ, "ನಾ ಮಾಮ. ಏನ್ ವೇಲೆ?" ಅಂದ.

ಮಂಟಪವೇ ನಕ್ಕಿತು. ಮೂರು ದಿನದಿಂದ ಮುಖ ಬಿಗಿದುಕೊಂಡಿದ್ದ ನನ್ನ ಮಗಳೂ ನಕ್ಕಳು. ಯಾರೋ "ಸುಣ್ಣ ಬಳ್ದ ಮಾಮ" ಅಂದರು. ಹಿರಿಯರು ಮಾತ್ರ ನನ್ನ ಕಡೆ ತಿರುಗಿದರು.

"ಏನವ್ವ, ಇವ್ರಾ?"

ಬೇಡ ಅನ್ನಬಹುದಿತ್ತು. ಇನ್ನು ಐದು ನಿಮಿಷ ಕಾಯೋಣ ಅನ್ನಬಹುದಿತ್ತು. ಆದರೆ ಆ ಹೊತ್ತಿಗೆ ಅಣ್ಣನಿಗಾಗಿ ಕಾಯುವುದು ಮುಗಿದು ನನ್ನೊಳಗೆ ಸಿಟ್ಟು ಏರಿತ್ತು. ನೀನಿಲ್ಲದೆಯೂ ನಡೆಯುತ್ತೆ ಅಂತ ತೋರಿಸಬೇಕು ಅನ್ನಿಸಿತು. ಅವನಿಗೆ ತೋರಿಸಲು ಅವನೇ ಅಲ್ಲಿಲ್ಲ ಅನ್ನುವುದೂ ಹೊಳೆಯಲಿಲ್ಲ.

"ಇವ್ರೇ ಹಾಕ್ಲಿ. ನನ್ಗೆ ಇವ್ರೂ ತಮ್ಮನೇ," ಅಂದೆ.

ಅವನಿಗೆ ಮಾಲೆ ಕೊಟ್ಟು, ಹೀಗೆ ಹಾಕು, ಹೀಗೆ ಕೈ ಹಿಡಿ ಅಂತ ತೋರಿಸಿದರು. ಅವನ ನಗು ನಿಂತಿತ್ತು. ಇದು ಆಟವಲ್ಲ ಅಂತ ಅವನಿಗೆ ತಿಳಿಯಿತು. ಹೂವು ನಲುಗದ ಹಾಗೆ ಮಾಲೆ ಹಾಕಿದ. ಮಗಳನ್ನು ಮಣೆಯ ಮೇಲೆ ಕೂರಿಸಿ, ಹಿಂದಕ್ಕೆ ಸರಿದು, ಕೈಕಟ್ಟಿ ನಿಂತ.

ತಾಳಿಯಾಯಿತು. ಅಕ್ಷತೆ ಬಿತ್ತು. ನಮ್ಮ ಯಜಮಾನರು ನನ್ನ ಕಿವಿಗೆ ಬಗ್ಗಿ, "ನಿಮ್ಮಣ್ಣ ಬಂದಿದ್ರಲ್ಲ, ಬಾಗ್ಲಲ್ಲಿ ಕಂಡ್ರು. ಒಳಗೆ ಕೂತ್ರಾ?" ಅಂದರು.

ಬಾಗಿಲಿಗೆ ಓಡಿದೆ. ಪನ್ನೀರು ಚಿಮುಕಿಸುವ ಮೇಜಿನ ಮೇಲೆ, ಬಟ್ಟೆ ಮುಚ್ಚಿದ ಹಿತ್ತಾಳೆ ತಟ್ಟೆ ಇತ್ತು. ಅಲ್ಲಿ ನಿಂತಿದ್ದ ಹುಡುಗಿ ಗಂಡಿನ ಕಡೆಯವಳು, ನಮ್ಮವರನ್ನು ಅರಿಯದವಳು. ಒಬ್ಬರು ಹಿರಿಯರು ಬಂದರು, ಸ್ವಲ್ಪ ಹೊತ್ತು ವೇದಿಕೆಯನ್ನೇ ನೋಡಿದರು, ಮಾಲೆ ಹಾಕುತ್ತಿರುವವರು ಯಾರಮ್ಮ ಅಂತ ಕೇಳಿದರು ಅಂದಳು.

"ನೀನೇನಂದೆ?"

"ಎಣ್ಣಿನ ಮಾಮ ಅಂದೆ, ಅತ್ತೆ."

ಅಣ್ಣ ಸರಿ ಅಂತ ತಲೆಯಾಡಿಸಿ, ತಟ್ಟೆ ಇಟ್ಟು, ಹೋದನಂತೆ. ರಸ್ತೆಗಿಳಿದು ಎರಡು ಕಡೆಯೂ ನೋಡಿದೆ. ಒಳಗಿನಿಂದ ಹೆಣ್ಣಿನ ತಾಯಿ ಎಲ್ಲಿ ಅಂತ ಕೂಗುತ್ತಿದ್ದರು. ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ನೇರಳೆ ಬಣ್ಣದ ರೇಷ್ಮೆ ಸೀರೆ, ಕಾಲುಂಗುರ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಸಂಪಿಗೆ ಮಾಲೆ. ಮೊದಲ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದಿರಬೇಕು, ಒಂದು ಹೂವೂ ಜಜ್ಜಿರಲಿಲ್ಲ.

ಎಂಟನೆಯ ದಿನ ಹೊಸ ಜೋಡಿಯನ್ನು ಕರೆದುಕೊಂಡು ಮಾರ್ಕಯನ್‌ಕೋಟ್ಟೈಗೆ ಹೋದೆ. ಮಗಳು ಆ ಸೀರೆಯನ್ನೇ ಉಟ್ಟಿದ್ದಳು. ಅಣ್ಣ ಇಬ್ಬರಿಗೂ ತಾನೇ ಎಲೆ ಹಾಕಿದ, ಅಳಿಯನ ಹತ್ತಿರ ನೀರಾವರಿ, ಗೊಬ್ಬರ ಎಲ್ಲ ಮಾತಾಡಿದ. ಅಣ್ಣ ಕೈತೊಳೆಯಲು ಹಿತ್ತಲಿಗೆ ಹೋದಾಗ ನಾನು ಹಿಂದೆಯೇ ಹೋದೆ.

"ಅಣ್ಣ, ಅದು ಬೇಕೂಂತ ಆದ್ದಲ್ಲ. ಮಾಮ ಅಂತ ಕೂಗಿದ್ರು. ಬೀದೀಲಿ ಎಲ್ರೂ ಅವ್ನನ್ನ ಕರೆಯೋದೇ ಹಂಗೆ. ತನ್ನನ್ನೇ ಅಂದ್ಕಂಡು ಬಂದ್ಬುಟ್ಟ."

ಅಣ್ಣ ಟವೆಲಿನಿಂದ ಒಂದೊಂದೇ ಬೆರಳು ಒರೆಸಿಕೊಂಡ.

"ಅವ್ನ್ದೇನು ತಪ್ಪವ್ವ. ನೀ ಬೇಡ ಅಂದಿದ್ರೆ ಇಳೀತಿದ್ನಲ್ಲ."



ಮಿಲ್ಲಿನ ಕೆಲಸ ಮುಗಿದು ಮೇಲ್ಮನೆಯವನು ತನ್ನ ದೇಶಕ್ಕೆ ಹೊರಟಾಗ, ತನ್ನ ಜೀವನದಲ್ಲಿ ಯಾರೂ ಆ ಮಾಲೆಯಷ್ಟು ದೊಡ್ಡ ಕೆಲಸ ಕೈಗೆ ಕೊಟ್ಟಿರಲಿಲ್ಲ ಅಂತ ಅರೆಬರೆ ಮಾತಲ್ಲಿ ಹೇಳಿ ಕಣ್ಣು ಒರೆಸಿಕೊಂಡ. ನಾನು ದಾರಿಗೆ ಹುರಿಗಡಲೆ ಉಂಡೆ ಕಟ್ಟಿಕೊಟ್ಟೆ. ನಡೆದದ್ದನ್ನು ಹೇಳಲಿಲ್ಲ. ಹೇಳಿ ಅವನಿಂದಲೂ ಅದನ್ನು ಕಿತ್ತುಕೊಂಡು ನನಗೇನಾಗಬೇಕು?

ಈ ಪೊಂಗಲಿಗೂ ತವರಿನ ಸೀರು, ಅಂದರೆ ಹಬ್ಬದ ಉಡುಗೊರೆ, ಬಂತು. ಕಬ್ಬು, ಬೆಲ್ಲ, ಅರಿಶಿನದ ಗಿಡ, ಒಂದು ನೂಲಿನ ಸೀರೆ. ಯಾವುದೂ ಕಡಿಮೆ ಇರಲಿಲ್ಲ. ಪ್ರತಿ ವರ್ಷ ಅಣ್ಣ ತಾನೇ ಹೊತ್ತು ತಂದು, ಹೊಸ್ತಿಲಲ್ಲಿ ನಿಂತು, "ತಾಯಿ, ಇಳ್ಸು ಬಾ" ಅನ್ನುತ್ತಿದ್ದ. ಈ ಸಲ ಬಸ್ಸಿನ ಕಂಡಕ್ಟರ್ ಇಳಿಸಿ ಹೋದ. ಫೋನು ಮಾಡಿದೆ. ಅತ್ತಿಗೆ ಎತ್ತಿ, "ಬಂತಾ ತಾಯಿ? ಎಲ್ಲಾ ಸರಿಯಾಗಿ ಅದಾ?" ಅಂದಳು. ಹಿಂದೆ ಅಣ್ಣ ಕೆಮ್ಮುವುದು ಕೇಳಿಸಿತು.

"ಅಣ್ಣನ ಕೈಗೆ ಕೊಡಿ ಅತ್ತಿಗೆ."



"ತೋಟಕ್ಕೆ ಓಗವ್ರೆ ತಾಯಿ," ಅಂದಳು.